ಕಂಪನಿ ಮುಳುಗಿದ ಮೇಲಿನ ವಾರಂಟಿ

ಆ ಕಾರು ನನ್ನ ಆಯ್ಕೆ. ಗೋಕಾಕದಿಂದ ಮೂಡಲಗಿಯ ಹೈಸ್ಕೂಲಿಗೆ ಪಾಠ ಮಾಡಲು ದಿನಾ ಬಸ್ಸಿನಲ್ಲಿ ನಿಂತು ಹೋಗಿ ಬೇಸತ್ತ ನಾನು ನಲವತ್ತೆರಡಕ್ಕೆ ಡ್ರೈವಿಂಗ್ ಕಲಿತೆ. ಬೆಳಗಾವಿಯ ಶೋರೂಮಿನಲ್ಲಿ ಕಂಡ ಆ ಗಾಡಿಯ ಸೀಟು ನನ್ನಂಥ ಗಿಡ್ಡವಳಿಗೆ ಹೇಳಿ ಮಾಡಿಸಿದಂತಿತ್ತು, ಅಷ್ಟಕ್ಕೇ ಮನಸೋತೆ.

"ಈ ಕಂಪನಿ ಹೆಸರು ನಮ್ಮ ಕಡೆ ಯಾರೂ ಕೇಳಿಲ್ಲ, ಬ್ಯಾಡ," ಎಂದರು ಯಜಮಾನರು. ನಾನು ಹಟ ಹಿಡಿದೆ.

ಕೊಂಡ ಮೂರನೆಯ ವರ್ಷ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಮೊಬೈಲ್ ಮುಂದೆ ಹಿಡಿದರು. "ಬಾಯಾರ, ದಿವಾಳಿ ಆದದ್ದು ನಿಮ್ಮ ಕಾರಿನ ಕಂಪನೀನ ಅಲ್ಲೇನ್ರಿ?"

ಶೋರೂಮಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮನೆಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಅಂದಿನಿಂದ ಪ್ರತಿ ಸಣ್ಣ ಸದ್ದಿಗೂ ಗಾಡಿ ನಿಲ್ಲಿಸಿ ಇಳಿದು ನೋಡುತ್ತಿದ್ದೆ.

ಅದಾಗಿ ಮೂರು ವಾರಕ್ಕೆ, ಸಾಲಿ ಮುಗಿಸಿ ಬರುವಾಗ, ಕಲ್ಲೋಳಿಯ ಹತ್ತಿರ ಸ್ಟೇರಿಂಗ್ ಕಲ್ಲಿನಂತೆ ಬಿಗಿಯಾಯಿತು. ಎರಡೂ ಕೈಯಿಂದ ಎಳೆದು ಹೇಗೋ ರಸ್ತೆಯ ಬದಿಗೆ ನಿಲ್ಲಿಸಿದೆ. ಫೋನ್ ಮಾಡಿದ್ದಕ್ಕೆ ಯಜಮಾನರು ಬೈಕಿನಲ್ಲಿ ಬಂದರು. ಅವರನ್ನು ನೋಡಿದ್ದೇ ತಡ, ಅಳು ಬಂತು.

"ಕಂಪನಿ ಮುಳುಗೇತ್ರಿ. ವಾರಂಟೀನೂ ಹೋತು. ನಿಮಗ ಹೇಳಾಕ ಅಂಜಿಕಿ ಆತು."

"ನನಗ ಗೊತ್ತೈತಿ. ಪೇಪರಿನ್ಯಾಗ ಅವತ್ತ ಓದೇನಿ."

"ಮತ್ತ ಯಾಕ ಸುಮ್ಮನಿದ್ರಿ?"

"ಗೊತ್ತಾದ್ರ ನೀ ಗಾಡಿ ಹೊಡಿಯೂದ ಬಿಡ್ತಿ ಅಂತ."

ಸುಮ್ಮನೆ ಕೂತಿರಲಿಲ್ಲ ಅವರು. ಆ ಕಂಪನಿಯ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ, ಮೊದಲೇ ಅದನ್ನು ಬಿಟ್ಟು ಸಂಕೇಶ್ವರದಲ್ಲಿ ಸ್ವಂತ ಗ್ಯಾರೇಜ್ ಹಾಕಿದ್ದ ಮೆಕ್ಯಾನಿಕ್ ಒಬ್ಬರನ್ನು ಹುಡುಕಿಟ್ಟಿದ್ದರು. ಮರುದಿನ ಕಾರನ್ನು ಅಲ್ಲಿಗೆ ಎಳೆಸಿಕೊಂಡು ಹೋದೆವು.

ಮೆಕ್ಯಾನಿಕ್ ಕಾರಿಗಿಂತ ಮೊದಲು ಕಾಗದಪತ್ರ ಕೇಳಿದರು. ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ನಕ್ಕರು.

"ಅಕ್ಕಾರ, ಕಂಪನಿ ಕೊಟ್ಟ ವಾರಂಟಿ ಎರಡ ವರ್ಷದ್ದು, ಅದು ಮುಗದೇತಿ. ಮುಂದಿನ ಮೂರು ವರ್ಷದ್ದು ನೀವು ಬ್ಯಾರೆ ತಗೊಂಡೀರಿ. ಇಲ್ಲಿ ನೋಡ್ರಿ, ಅದರ ಮ್ಯಾಲ ವಿಮಾ ಕಂಪನಿ ಸಹಿ-ಸಿಕ್ಕಾ ಐತಿ. ಕಾರಿನವರು ಮುಳುಗಿದ್ರ ಇವರೇನು ಮುಳುಗೂದಿಲ್ರಿ."

ಸಹಿ ಹಾಕುವಾಗ ಓದದೆ ಬಿಟ್ಟ ಹಾಳೆ ಅದು. ನಾನು ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟೆ.

ವಿಮೆಯವರು ಬಂದು ನೋಡಿ, ಫೋಟೊ ತೆಗೆದು, ಒಪ್ಪಿಗೆ ಕೊಟ್ಟರು. ಕೆಟ್ಟದ್ದು ಸ್ಟೇರಿಂಗನ್ನು ಹಗುರಾಗಿಸುವ ಮೋಟಾರು; ಅದನ್ನು ತಯಾರಿಸುತ್ತಿದ್ದದ್ದು ಪುಣೆಯ ಬೇರೆಯೇ ಕಾರ್ಖಾನೆ. ಅದು ನಡೆಯುತ್ತಲೇ ಇತ್ತು. ಅಲ್ಲಿಂದ ಹೊಸದು ಬರುವವರೆಗೆ ಹದಿನೆಂಟು ದಿನ ಮತ್ತೆ ಬಸ್ಸಿನಲ್ಲಿ ನಿಂತೆ. "ಇನ್ನ ಮುಂದ ಸಾಮಾನು ಸಿಗೂದು ತಡಾ ಆಗಬಹುದ್ರಿ," ಎಂದು ಮೆಕ್ಯಾನಿಕ್ ಎಚ್ಚರಿಸಿಯೇ ಕೀಲಿ ಕೊಟ್ಟರು. ಆಗಲಿ, ಅದನ್ನು ಆಗ ನೋಡೋಣ ಅನ್ನಿಸಿತು.

ವಾಪಸು ಬರುವಾಗ ಸ್ಟೇರಿಂಗ್ ಬೆರಳಿನಲ್ಲಿ ತಿರುಗುತ್ತಿತ್ತು. ಹುಕ್ಕೇರಿ ದಾಟುವಷ್ಟರಲ್ಲಿ ಯಜಮಾನರು ಪಕ್ಕದ ಸೀಟಿಗೆ ಒರಗಿ ನಿದ್ದೆಹೋಗಿದ್ದರು. ನಾನು ಗಾಡಿ ಓಡಿಸುವಾಗ ಅವರು ನಿದ್ದೆ ಮಾಡಿದ್ದು ಅದೇ ಮೊದಲು. ಎಚ್ಚರವಾದೀತೆಂದು ಗುಂಡಿಗಳನ್ನು ತಪ್ಪಿಸುತ್ತ ಗೋಕಾಕದವರೆಗೆ ನಿಧಾನವಾಗಿ ಓಡಿಸಿದೆ.