ಆಮೆನ್ ಹೇಳುವವರು ಬೇಕು

ಕೈ ತೊಳೆದಾಗಿತ್ತು. ಇನ್ನು ರೊಟ್ಟಿ ಬಾಯಿಗೆ ಹೋಗುವವರೆಗೆ ಹುಡುಗಿ, ಅವಳ ಗಂಡ ಇಬ್ಬರೂ ಮಾತಾಡುವ ಹಾಗಿಲ್ಲ. ಯೆಹೂದಿಗಳ ಕ್ರಮ ಅದು. ಜಗಳ ಮಾತ್ರ ಮುಗಿದಿರಲಿಲ್ಲ.

ಹುಡುಗಿ, ಇಸ್ರೇಲಿನಲ್ಲಿ ನಾನು ಆರೈಕೆಯ ಕೆಲಸಕ್ಕಿದ್ದ ಮನೆಯ ಮುದುಕಿಯ ಮೊಮ್ಮಗಳು. ಅಜ್ಜಿ ತೀರಿಹೋದ ಮೇಲೆ ಗಂಡನನ್ನು ಕರೆದುಕೊಂಡು ಸಿದ್ಧಕಟ್ಟೆಯ ನಮ್ಮ ಮನೆಯವರೆಗೂ ಬಂದಿದ್ದಳು. "ಅಜ್ಜಿಯ ಮೇಜಿನಲ್ಲಿ ಉಂಡ ಹಾಗೆ ಒಮ್ಮೆ ಉಣ್ಣಬೇಕು, ಬೇರೇನೂ ಬೇಡ" ಎಂದು ಫೋನಿನಲ್ಲೇ ಹೇಳಿದ್ದಳು. ನಮ್ಮ ಪಾತ್ರೆ ಅವರಿಗೆ ಆಗುವುದಿಲ್ಲವೆಂದು ಮೂಡುಬಿದಿರೆಯಿಂದ ಹೊಸ ಪಾತ್ರೆ ತಂದು ಕುಚ್ಚಲಕ್ಕಿ ಬೇಯಿಸಿ, ಮೇಜಿಗೆ ಬಾಳೆಲೆ ಹಾಕಿದ್ದೆ. ರೊಟ್ಟಿ ಅವರೇ ಸುಟ್ಟು ತಂದಿದ್ದರು. ಇಷ್ಟೆಲ್ಲ ಆದ ಮೇಲೆ ಗಲಾಟೆ ಯಾವುದಕ್ಕೆ? ರೊಟ್ಟಿ ಮುರಿಯುವಾಗಿನ ಸ್ತುತಿಯನ್ನು ಒಬ್ಬರು ಹೇಳಿ ಉಳಿದವರು ಆಮೆನ್ ಅನ್ನುವುದೋ, ತಮ್ಮ ತಮ್ಮದು ತಾವೇ ಹೇಳಿಕೊಳ್ಳುವುದೋ ಎಂಬುದಕ್ಕೆ! ಅಜ್ಜಿಯದು ಮೊದಲನೆಯ ಕ್ರಮ, ಗಂಡನ ಮನೆಯಲ್ಲಿ ಎರಡನೆಯದು. ಇತ್ಯರ್ಥವಾಗುವ ಮೊದಲೇ ಇಬ್ಬರೂ ತಂಬಿಗೆ ನೀರಲ್ಲಿ ಕೈ ತೊಳೆದು, ಬಾಯಿ ಮುಚ್ಚಿಕೊಂಡು ಬಂದು ಕೂತರು.

ಅವಳು ರೊಟ್ಟಿ ತೋರಿಸಿ ಕಣ್ಣು ಬಿಡುತ್ತಾಳೆ. ಅವನು ಎದೆ ಮುಟ್ಟಿಕೊಂಡು ತನ್ನ ತುಂಡಿಗೆ ಕೈ ಹಾಕುತ್ತಾನೆ. ಅನ್ನ ಆರುತ್ತಿತ್ತು.

"ಇವರಿಗೆ ಎಂಥ ಆದದ್ದು ಮಾರಾಯ್ತಿ? ಈಗಷ್ಟೇ ಬೊಬ್ಬೆ ಹಾಕ್ತಾ ಇದ್ರು," ಎಂದರು ಅಮ್ಮ.

"ಪ್ರಾರ್ಥನೆ ಯಾರು ಹೇಳುವುದು ಅಂತ ತಕರಾರು."

"ನಮ್ಮಲ್ಲಿ ದೈವದ ಎದುರು ಯಜಮಾನರೊಬ್ಬರೇ ಹೇಳುವುದು, ನಾವೆಲ್ಲ ಕೈ ಮುಗಿಯುವುದು. ಅದಕ್ಕೂ ತಕರಾರು ಉಂಟಾ?"

ನನಗೂ ತಲೆ ಕೆಟ್ಟಿತ್ತು. ಈ ಆಮೆನ್ನಿನ ಕಾಟ ಹೊಸತಲ್ಲ. ಮುದುಕಿ ಪ್ರತಿ ಊಟಕ್ಕೂ ಆಮೆನ್ ಅನ್ನಲು ನನ್ನನ್ನು ಕರೆಯುತ್ತಿದ್ದಳು. ಕೈಯಲ್ಲಿ ಸೋಪಿನ ನೊರೆ ಇದ್ದರೂ ಓಡಬೇಕು. ತಡವಾದರೆ, ಕೈ ತೊಳೆದ ಮೇಲೆ ಮಾತಿಲ್ಲವಲ್ಲ, ಚಮಚದಿಂದ ಮೇಜು ಕುಟ್ಟುತ್ತಿದ್ದಳು. "ನಾನು ಹಿಂದೂ, ನನ್ನ ಆಮೆನ್ ಯಾವ ಲೆಕ್ಕಕ್ಕೆ ಅಜ್ಜಿ?" ಎಂದು ಒಮ್ಮೆ ರೇಗಿದ್ದೆ. "ನಿನಗೆ ಕಿವಿ ಇದೆಯಲ್ಲ, ಸಾಕು," ಅಂದಿದ್ದಳು.

ಈಗ ಸಾಕಾಗಿಹೋಗಿ ನಾನೂ ಸೌಟಿನಿಂದ ಮೇಜು ಕುಟ್ಟಿದೆ. ಹುಡುಗಿ ಬೆಚ್ಚಿ ನನ್ನನ್ನು ನೋಡಿದಳು, ರೊಟ್ಟಿ ಎತ್ತಿ ಸ್ತುತಿ ಹೇಳಿದಳು. ಗಂಡನೂ ಜೊತೆಜೊತೆಗೆ ತನ್ನದನ್ನು ಗೊಣಗಿಕೊಂಡ. ಅವಳದು ಮುಗಿದಾಗ ಅವನದಿನ್ನೂ ನಡೆದೇ ಇತ್ತು. ಅಭ್ಯಾಸಬಲ, ಸೌಟು ಹಿಡಿದುಕೊಂಡೇ ನಾನು "ಆಮೆನ್" ಅಂದೆ, ಜೋರಾಗಿಯೇ.

ಅವಳು ರೊಟ್ಟಿ ಜಗಿದು ನುಂಗಿದಳು. ಕಣ್ಣು ತುಂಬಿತ್ತು.

"ಅಜ್ಜಿ ಹೋದ ಮೇಲೆ ನನ್ನದಕ್ಕೆ ಯಾರೂ ಆಮೆನ್ ಅಂದಿರಲಿಲ್ಲ," ಎಂದಳು. "ಎಲ್ಲರೂ ಅವರವರದ್ದೇ ಹೇಳಿಕೊಳ್ಳುತ್ತಾರೆ."

ಊಟದ ಕೊನೆಗೂ ಅವರಿಗೆ ಒಂದು ಸ್ತುತಿಯಿದೆ. ಆಗ ಗಂಡ ಬಾಯಿ ತೆರೆಯಲಿಲ್ಲ. ಅವಳ ಮುಖವನ್ನೇ ನೋಡುತ್ತ, ಅವಳು ಹೇಳಿ ಮುಗಿಸಲೆಂದು ಕಾದ.