ದ್ರಾಕ್ಷಿ ತೋಟಕ್ಕೆ ಹೊತ್ತ ಕೆರೆಗೋಡು

ಭಾನುವಾರ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಟಿ. ನರಸೀಪುರದ ಹತ್ತಿರ, ಕಪಿಲೆಯ ಕಡೆಗೆ ಇಳಿಜಾರಾಗಿರುವ ಹಳೇ ದ್ರಾಕ್ಷಿ ತೋಟದಲ್ಲಿ ನನ್ನ ಕೆಲಸ. ಭಾನುವಾರ ವೈನ್ ರುಚಿ ನೋಡಲು ಬರುವವರನ್ನು ಸಾಲುಗಳ ನಡುವೆ ಸುತ್ತಾಡಿಸಿ ತೋಟದ ಕಥೆ ಹೇಳಬೇಕಿತ್ತು. ಮೇಲುಗಡೆ ಬರೀ ಗರಸು ನೆಲ, ಬಳ್ಳಿ ಸೊರಗು, ಹಣ್ಣು ಸಣ್ಣದು, ಹುಳಿ. ಕೆಳಗಿನ ಹಳೇ ಸಾಲುಗಳಲ್ಲಿ ಕಪ್ಪು ಮಣ್ಣು. ಈ ತೋಟದ ವೈನಿಗೆ ಹೆಸರು ಬಂದದ್ದೇ ಅಲ್ಲಿಯ ಹಣ್ಣಿನಿಂದ. ಅಲ್ಲಿ ನಿಂತು ನಾನು ಹೇಳಬೇಕಾದ ಮಾತು, "ಇದು ಕಪಿಲೆ ತಾಯಿ ತಂದು ಹಾಕಿದ ಮಣ್ಣು."

ಹಸೀ ಸುಳ್ಳು. ಹೊಳೆ ಅಷ್ಟು ಮೇಲಕ್ಕೆ ಯಾವತ್ತೂ ಹತ್ತಿಲ್ಲ. ಅಲ್ಲಿಯೂ ಗರಸೇ ಇತ್ತು. ಬಳ್ಳಿ ನೆಡುವ ಮೊದಲು ಒಂದು ಬೇಸಿಗೆ ಪೂರ್ತಿ, ಬತ್ತಿದ ಕೆರೆಯ ಗೋಡುಮಣ್ಣನ್ನು ಊರಿನ ಹೆಂಗಸರು ಮಂಕರಿಯಲ್ಲಿ ಹೊತ್ತು ತಂದು ಸುರಿದಿದ್ದರು. ನನ್ನವ್ವನೂ ಹೊತ್ತವಳೇ. ಆಮೇಲೆ ಮದುವೆಯಾಗಿ ನಂಜನಗೂಡು ಸೇರಿದಳು.

ಕಳೆದ ತಿಂಗಳು, "ನೀ ಕೆಲ್ಸ ಮಾಡೋ ಜಾಗ ನೋಡ್ಬೇಕು ಕನವ್ವ" ಎಂದು ಹಟ ಹಿಡಿದಳು. ಏನು ನೆಪ ಹೇಳಿದರೂ ಜಗ್ಗಲಿಲ್ಲ. ಬಸ್ಸಿನುದ್ದಕ್ಕೂ ನನಗೆ ಒಂದೇ ಯೋಚನೆ. ಅವಳ ಮುಂದೆಯೇ ಆ ಸುಳ್ಳು ಹೇಳುವುದು ಹೇಗೆ? ಹೇಳದಿದ್ದರೆ ಮ್ಯಾನೇಜರ್ ಬಿಡುವವನಲ್ಲ. ಕಥೆ ತಿರುಚಿದಳೆಂದು ಒಬ್ಬಳನ್ನು ಆಗಲೇ ಮನೆಗೆ ಕಳಿಸಿದ್ದ.

ಅವತ್ತು ಅವನೂ ಜೊತೆಗೇ ಬಂದ. ಅವ್ವ ಚಪ್ಪಲಿ ಕೈಲಿ ಹಿಡಿದು ಎಲ್ಲರ ಹಿಂದೆ ನಡೆಯುತ್ತಿದ್ದಳು. ಕೆಳಗಿನ ಸಾಲಿಗೆ ಬಂದು "ಕಪಿಲೆ ತಾಯಿ" ಎಂದು ಶುರು ಮಾಡಿದವಳು ಅವ್ವನ ಕಡೆ ನೋಡಿಬಿಟ್ಟೆ. ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಸುಕುತ್ತಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ಹಾಳಾಗಿ ಹೋಗಲಿ ಈ ಕೆಲಸ.

"ಹೊಳೆ ತಂದಿದ್ದಲ್ಲ ಕಣ್ರೀ," ಎಂದೆ. "ಕೆರೆಯಿಂದ ಹೆಂಗಸರು ತಲೆ ಮೇಲೆ ಹೊತ್ತು ತಂದಿದ್ದು. ಹೊತ್ತವರಲ್ಲಿ ಒಬ್ಬರು ಇಲ್ಲೇ ಇದ್ದಾರೆ, ನಮ್ಮವ್ವ."

ಎಲ್ಲರೂ ತಿರುಗಿದರು. ಯಾರೋ ಫೋಟೋ ತೆಗೆದರು, ಅವ್ವ ಮುಖಕ್ಕೆ ಸೆರಗು ಹಿಡಿದಳು. ಮ್ಯಾನೇಜರ್ ನಕ್ಕು ಮಾತು ತೇಲಿಸಿದ. ಬಂದವರೆಲ್ಲ ಹೋದ ಮೇಲೆ, "ನಾಳೆಯಿಂದ ಬರೋದು ಬೇಡ" ಎಂದ. ನಾನೂ ಆಯ್ತು ಎಂದೆ.

ವಾಪಸು ಬಸ್ಸಿನಲ್ಲಿ ಅವ್ವ ಕಿಟಕಿ ಕಡೆ ಮುಖ ತಿರುಗಿಸಿ ಕೂತಳು. ನನಗೋ ಚಡಪಡಿಕೆ. ನಾನು ಕೆಲಸ ಕಳೆದುಕೊಂಡದ್ದು ಇವಳಿಗಾಗಿ, ಇವಳು ನೋಡಿದರೆ ಹೀಗೆ.

"ಕೋಪವಾ?" ಎಂದೆ.

"ನನ್ನ ಯಾಕೆ ತೋರುಸ್ದೆ? ನಾನು ಬದುಕಿವ್ನಿ, ಬೇಕಾದಾಗ ನಾನೇ ಏಳ್ಕತೀನಿ. ನಮ್ಮಕ್ಕನ ಹೆಸರು ಏಳ್ಬೇಕಿತ್ತು."

ಅವ್ವನ ಮದುವೆಗೆ ಮುಂಚೆಯೇ ತೀರಿಕೊಂಡ ಆ ದೊಡ್ಡವ್ವ ಏನಾಗಿ ಹೋದಳೆಂದು ನಾನು ಕೇಳಿದವಳೇ ಅಲ್ಲ.

"ಬಿಸ್ಲಲ್ಲಿ ಮಂಕರಿ ಹೊತ್ತಂಗೇ ಬಿದ್ದೋದ್ಳು, ಆ ಇಳಿಜಾರಲ್ಲೇ," ಎಂದಳು ಅವ್ವ. "ನೆರಳಿಗೆ ಮಲಗ್ಸುದ್ವಿ. ಬೇಗ ಬೇಗ ಅಂತ ಮೇಸ್ತ್ರಿ ಕೂಗ್ತಿದ್ದ. ಅವಳು ಚೆಲ್ಲಿದ್ ಮಣ್ಣ ಬಾಚಿ, ನಾನೇ ಹೊತ್ಕಂಡೋಗಿ ಸುರುದೆ."