ನನಗಾಗಿ ಇಟ್ಟ ಬೇರೆ ಪಾತ್ರೆ

ನಾನು ಮಸ್ಕತ್ತಿಗೆ ಹೋದದ್ದು ತೊಂಬತ್ತರ ದಶಕದ ನಡುವಿನಲ್ಲಿ, ಒಂದು ಸಣ್ಣ ಖಾಸಗಿ ಕ್ಲಿನಿಕ್ಕಿನ ನರ್ಸಾಗಿ. ಇರಲು ಕೋಣೆ ಕೊಡುತ್ತಾರೆ ಎಂದು ಏಜೆಂಟ್ ಹೇಳಿದ್ದ. ಹೋಗಿ ನೋಡಿದರೆ ಕೋಣೆಯೂ ಇಲ್ಲ, ಅದರ ಸುದ್ದಿಯೂ ಇಲ್ಲ. ಔಷಧಿ ಡಬ್ಬಗಳನ್ನಿಡುವ ಸ್ಟೋರಿನಲ್ಲಿ ಒಂದು ಸ್ಟ್ರೆಚರ್ ಹಾಕಿಕೊಟ್ಟು, ವಾರದೊಳಗೆ ಬೇರೆ ಜಾಗ ನೋಡಿಕೊಳ್ಳಿ, ಇಲ್ಲವಾದರೆ ವಾಪಸ್ ಹೋಗಿ ಎಂದರು. ಯಳಂದೂರಿನ ಪಕ್ಕದ ಹಳ್ಳಿಯಿಂದ ಕೊಳ್ಳೇಗಾಲದ ಆಸ್ಪತ್ರೆಗೆ ದಿನವೂ ಬಸ್ಸಿನಲ್ಲಿ ನಿಂತು ಹೋಗಿಬರುತ್ತಿದ್ದವಳು ನಾನು. ನನ್ನ ಮಟ್ಟಿಗೆ ಪರದೇಶ ಎಂದರೆ ಮೈಸೂರಿನ ಆಚೆ ಇರುವುದೆಲ್ಲ.

ಅಲ್ಲಿ ಅಂಗಡಿಗಳ ಗೋಡೆಗೆ ಬೆಡ್ ಸ್ಪೇಸ್ ಎಂದು ಚೀಟಿ ಅಂಟಿಸಿರುತ್ತಿದ್ದರು. ಮನೆಯಲ್ಲ, ಕೋಣೆಯೂ ಅಲ್ಲ, ಕೋಣೆಯೊಳಗಿನ ಒಂದು ಮಂಚ ಮಾತ್ರ ಬಾಡಿಗೆಗೆ. ಅರ್ಧ ಚೀಟಿಗಳು ಮಲಯಾಳದಲ್ಲಿದ್ದವು. ಉಳಿದರ್ಧದ ಬಾಗಿಲು ತಟ್ಟಿದರೆ, ನಮ್ಮ ಕಡೆಯ ಹುಡುಗಿ ಒಬ್ಬಳು ಬರುವವಳಿದ್ದಾಳೆ ಎಂಬ ಉತ್ತರ. ಐದು ದಿನ ಡ್ಯೂಟಿ ಮುಗಿಸಿಕೊಂಡು ಬಿಸಿಲಲ್ಲಿ ಅಲೆದೆ. ಆರನೆಯ ದಿನ ಪರ್ಸಿನಲ್ಲಿ ಮಡಚಿಟ್ಟಿದ್ದ ವಿಳಾಸವನ್ನು ತೆಗೆದೆ. ಕೊಳ್ಳೇಗಾಲದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹನೂರಿನ ಸಿಸ್ಟರ್ ಒಬ್ಬರು ಕೊಟ್ಟಿದ್ದು ಅದು. ಹನೂರಿನ ಹತ್ತಿರದ ಮಾರ್ಟಳ್ಳಿಯ ಹೆಂಗಸು, ಕ್ರೈಸ್ತರು, ಅಲ್ಲಿ ಬಟ್ಟೆ ಹೊಲಿಯುತ್ತಾರೆ ಎಂದಷ್ಟೇ ಹೇಳಿದ್ದರು. ಬೇಕೆಂದೇ ಅದನ್ನು ಕೊನೆಗೆ ಉಳಿಸಿಕೊಂಡಿದ್ದೆ. ಬೇರೆಯವರಾದರೆ ಹೆಸರು ಕೇಳುತ್ತಾರೆ, ನಮ್ಮ ಕಡೆಯವರು ಬೀದಿ ಕೇಳುತ್ತಾರೆ.

ಹಾಗೇ ಆಯಿತು. ಬಾಗಿಲು ತೆರೆದದ್ದು ನಲವತ್ತು ದಾಟಿದ, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಕಿಕೊಂಡಿದ್ದ ಹೆಂಗಸು. ಯಳಂದೂರಿನ ಹತ್ತಿರದವಳು ಎಂದು ನಾನು ಕನ್ನಡದಲ್ಲಿ ಹೇಳಿದ್ದೇ, ಕೈಯಿಂದ ಪೆಟ್ಟಿಗೆ ಕಿತ್ತುಕೊಂಡು ಒಳಗೆ ಕೂರಿಸಿ, ನೀರು ಕೊಟ್ಟು, ಆಮೇಲೆ ಸಹಜವಾಗಿ ಕೇಳಿದರು: “ಯಳಂದೂರ್ ತಾವ ಅಂದ್ರೆ ಯಾವೂರಮ್ಮಿ? ಅಲ್ಲಿ ಯಾವ ಬೀದಿ?”

ನಮ್ಮದು ಊರಿನ ಕೊನೆಯ ಬೀದಿ, ದಲಿತರ ಬೀದಿ. ಈ ಒಂದು ಪ್ರಶ್ನೆಗೆ ನಿಜ ಹೇಳಿ ನಾನು ಕೊಳ್ಳೇಗಾಲದಲ್ಲಿ ಬಾಡಿಗೆ ಕೋಣೆ ಕಳೆದುಕೊಂಡಿದ್ದೆ; ದಿನವೂ ಬಸ್ಸಿನಲ್ಲಿ ಓಡಾಡಿದ್ದು ಅದಕ್ಕೇ. ಸ್ಟೋರಿನ ಸ್ಟ್ರೆಚರ್ ಕಣ್ಣಮುಂದೆ ಬಂತು. ಬಾಯಿಗೆ ಬಂದದ್ದು ಮಠದ ಬೀದಿ ಎಂಬ ಉತ್ತರ. ಮಠದ ಬೀದಿಯವರು ಮಾಂಸ ಮುಟ್ಟುವವರಲ್ಲ ಎಂಬುದು ಆ ಕ್ಷಣಕ್ಕೆ ನನ್ನ ತಲೆಗೇ ಹೊಳೆಯಲಿಲ್ಲ.

ಆ ಹೆಂಗಸಿಗೆ, ಅಂದಿನಿಂದ ನಾನು ಅಕ್ಕ ಎಂದು ಕರೆದವರಿಗೆ, ಹೊಳೆಯಿತು. ನನಗೊಂದು ಮಂಚ ಕೊಟ್ಟು, ಅಂದೇ ಸಂಜೆ ಅವರು ಅಂಗಡಿಗೆ ಹೋಗಿ ಒಂದು ಹೊಸ ಪಾತ್ರೆ, ಒಂದು ಸೌಟು, ಒಂದು ತಟ್ಟೆ ತಂದರು. ಆ ಮನೆಯಲ್ಲಿದ್ದವರು ಅಕ್ಕ ಮತ್ತು ಶಾಲೆಯೊಂದರಲ್ಲಿ ಆಯಾ ಆಗಿದ್ದ ಕೇರಳದ ಹುಡುಗಿ. ಇಬ್ಬರಿಗೂ ಮೀನಿಲ್ಲದೆ ಅನ್ನ ಇಳಿಯುವುದಿಲ್ಲ. ಆದರೂ ದಿನಾ ಬೆಳಗಿನ ಜಾವ ಅಕ್ಕ ಮೊದಲು ಎದ್ದು, ಒಲೆ ತೊಳೆದು, ನನ್ನ ಪಾತ್ರೆಯಲ್ಲಿ ನನ್ನ ಸೊಪ್ಪಿನ ಸಾರು ಮಾಡಿ ಮುಚ್ಚಿಟ್ಟು, ಆಮೇಲೆಯೇ ಮೀನು ಮುಟ್ಟುತ್ತಿದ್ದರು. ನಾನೇ ಮಾಡಿಕೊಳ್ಳುತ್ತೇನೆ ಎಂದರೆ ಕೇಳುತ್ತಿರಲಿಲ್ಲ. ಡ್ಯೂಟಿ ಮುಗಿಸಿ ರಾತ್ರಿ ತಡವಾಗಿ ಬಂದವಳು, ಮಲಗು ಎನ್ನುತ್ತಿದ್ದರು. ದಿನಕ್ಕೆ ಹತ್ತು ಗಂಟೆ ಮೆಷಿನ್ ತುಳಿಯುವ ಕಾಲುಗಳಲ್ಲಿ ನಿಂತು ನನ್ನ ಸುಳ್ಳಿಗೆ ಒಗ್ಗರಣೆ ಹಾಕುತ್ತಿದ್ದರು.

ನಾನೋ ಒಣಗಿಸಿದ ಕರಿಮೀನಿನ ವಾಸನೆಗೆ ಬಸ್ಸಿಳಿದು ಹೋಗುವ ಜಾತಿಯವಳು. ಕ್ಲಿನಿಕ್ಕಿನ ಹಿಂದಿನ ಹೋಟೆಲಿನಲ್ಲಿ ಕದ್ದು ಬಿರಿಯಾನಿ ತಿಂದು, ಕೈಗೆ ಆಸ್ಪತ್ರೆಯ ಸ್ಪಿರಿಟ್ ಉಜ್ಜಿಕೊಂಡು ಮನೆಗೆ ಬರುತ್ತಿದ್ದೆ. ನಗು ಬರುತ್ತದೆ ಈಗ. ಆಗ ಬರುತ್ತಿದ್ದದ್ದು ಹೆದರಿಕೆ. ಗೊತ್ತಾದರೆ ಈ ಮಂಚವೂ ಹೋಗುತ್ತದೆ, ಮಂಚಕ್ಕಿಂತ ಹೆಚ್ಚಾಗಿ ಈ ಅಕ್ಕ ಹೋಗುತ್ತಾರೆ ಎಂದು. ಅಷ್ಟು ಹೊತ್ತಿಗೆ ಅವರೆಂದರೆ ನನಗೆ ಪ್ರಾಣವಾಗಿತ್ತು. ಮನೆಮಾತಾದ ತಮಿಳಿನಲ್ಲಿ ಜಪ ಮಾಡಿ ಕನ್ನಡದಲ್ಲಿ ಬೈಯುತ್ತಿದ್ದರು. ಊರಿಂದ ಹೊಸದಾಗಿ ಬಂದ ಯಾವ ಹೆಣ್ಣುಮಗಳಿಗೂ, ಜಾಗ ಸಿಗುವವರೆಗೆ, ತಮ್ಮ ಮಂಚ ಬಿಟ್ಟುಕೊಟ್ಟು ಕೆಳಗೆ ಚಾಪೆ ಹಾಸಿಕೊಳ್ಳುತ್ತಿದ್ದರು. ಅಂಥ ಮನಸ್ಸನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

ಎಂಟು ತಿಂಗಳು ಹೀಗೇ ನಡೆಯಿತು. ಒಂದು ಶುಕ್ರವಾರ, ರಜೆಯ ದಿನ, ಅಕ್ಕನಿಗೆ ಜ್ವರ ಕೆಂಡದಂತೆ ಸುಡುತ್ತಿತ್ತು. ನಾನೇ ಮಾತ್ರೆ ಕೊಟ್ಟು ಮಲಗಿಸಿದ್ದೆ. ಕೇರಳದ ಹುಡುಗಿ ಮೀನಿನ ಸಾರು ಮಾಡಿ ಇಳಿಸಿ, ನನ್ನ ಪಾತ್ರೆಗೆ ಕೈ ಹಾಕಿದಳು. ಸದ್ದು ಕೇಳಿ ಅಕ್ಕ ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಬಂದುಬಿಟ್ಟರು. ಮಲಗಿ ಎಂದು ನಾನು ತಡೆದರೆ, “ಅವಳ್ಗೆ ತಿಳಿಯಕಿಲ್ಲ ಕಣಮ್ಮಿ, ಮೀನಿನ ಸೌಟ ನಿಂದಕ್ಕೆ ಆಕ್ಬುಡ್ತಾಳೆ” ಎಂದು ನನ್ನ ಪಾತ್ರೆ ಉಜ್ಜತೊಡಗಿದರು.

ನನಗೆ ತಡೆಯಲಾಗಲಿಲ್ಲ. ಮೀನಿನ ಸಾರಿಗೆ ಸೌಟು ಹಾಕಿ, ನನ್ನ ತಟ್ಟೆಗೆ ಬಡಿಸಿಕೊಂಡು, ಅವರ ಎದುರಿಗೇ ನೆಲದ ಮೇಲೆ ಕೂತು ತಿಂದೆ. ಮುಳ್ಳನ್ನು ನಾಲಿಗೆಯಲ್ಲೇ ಬಿಡಿಸುವುದನ್ನು ನೋಡಿದರೆ ಸಾಕಿತ್ತು, ಇದು ಹೊಸ ಅಭ್ಯಾಸವಲ್ಲ ಎಂದು ಯಾರಿಗೂ ತಿಳಿಯುತ್ತಿತ್ತು. ತಿನ್ನುತ್ತಲೇ ಹೇಳಿದೆ, ನಮ್ಮದು ಮಠದ ಬೀದಿಯಲ್ಲ, ಊರಿನ ಕೊನೆಯ ಬೀದಿ ಎಂದು. ಕೋಣೆ ಖಾಲಿ ಮಾಡು ಅಂದರೆ ನಾಳೆಯೇ ಮಾಡುತ್ತೇನೆ ಎಂದೂ ಸೇರಿಸಿದೆ.

ಅಕ್ಕ ನಲ್ಲಿ ನಿಲ್ಲಿಸಿದರು. ಕೈಯಲ್ಲಿದ್ದ ಪಾತ್ರೆಯನ್ನೇ ಬಹಳ ಹೊತ್ತು ನೋಡುತ್ತಿದ್ದರು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಅವರು ಬೈಯಲಿಲ್ಲ, ನನ್ನ ಪಕ್ಕದಲ್ಲೇ ಕುಸಿದು ಕೂತರು.

“ಕೊಳ್ಳೇಗಾಲ್ದಲ್ಲಿ ಬಟ್ಟೆ ಒಲ್ಯಕೆ ಓಯ್ತಿದ್ದ ಮನೆಲಿ ನಂಗೇ ಅಂತ ಬ್ಯಾರೆ ಲೋಟ ಮಡಗಿದ್ರು. ಅದ್ನ ಕಂಡ್ರೆ ಆಗ್ದೆ ದೇಸ ಬುಟ್ಟು ಬಂದೋಳು ನಾನು” ಎಂದರು. ಕೈಯಲ್ಲಿದ್ದ ಪಾತ್ರೆಯನ್ನು ನನ್ನ ಮುಂದಿಟ್ಟು, “ನನ್ ಕೈಲೇ ಬ್ಯಾರೆ ಪಾತ್ರೆ ಮಡಗಿಸ್ಬುಟ್ಟಲ್ಲಮ್ಮಿ” ಎಂದರು.

ಎಂಟು ತಿಂಗಳು ನಾನು ನನ್ನ ಸಂಕಟವನ್ನು ಮಾತ್ರ ಎಣಿಸಿದ್ದೆ. ಅತ್ತುಬಿಟ್ಟೆ. ಅವರು ಜ್ವರದ ಕೈಯಿಂದ ನನ್ನ ಕಣ್ಣೊರೆಸಿ, ನನ್ನ ತಟ್ಟೆಯಿಂದಲೇ ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡು, ಉಪ್ಪು ಕಮ್ಮಿ ಎಂದರು.

ಮರುದಿನ ಬೆಳಗಿನ ಜಾವ ಅವರು ಜ್ವರ ಇಳಿದು ಗಾಢ ನಿದ್ದೆಯಲ್ಲಿದ್ದರು. ನಾನು ಎದ್ದು, ಸದ್ದಾಗದಂತೆ ಒಲೆ ಹಚ್ಚಿ, ಮೂವರಿಗೂ ಸೇರಿ ಒಂದೇ ಪಾತ್ರೆಯಲ್ಲಿ ಸಾರಿಗಿಟ್ಟೆ.